ವೋಲ್ಟ್ ಮತ್ತು ಆಂಪಿಯರ್‌ನಿಂದ ರೋಧ, ವ್ಯಾಟ್ ಲೆಕ್ಕ ಹಾಕುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಗೀಸರ್ ಕೊಳ್ಳಲು ಹೋದವರು ಮೊದಲು ಕೇಳುವುದು ಎಷ್ಟು ವ್ಯಾಟಿನದು ಎಂದು. ಡಬ್ಬದ ಮೇಲೂ 2000 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಆದರೆ ಆ 2000 ವ್ಯಾಟ್ ಗೀಸರಿನೊಳಗೆ ಕೂತಿಲ್ಲ. ಅಲ್ಲಿರುವುದು ಸುಮಾರು 26 ಓಮ್ ರೋಧದ ಒಂದು ಕಾಯಿಲ್, ಅಷ್ಟೇ. ರೋಧ ಎಂದರೆ ಕರೆಂಟ್ ಹರಿಯುವುದಕ್ಕೆ ಇರುವ ತಡೆ, ಓಮ್ ಅದರ ಅಳತೆ. ಅದಕ್ಕೆ 230 ವೋಲ್ಟ್ ಸಿಕ್ಕರೆ 2000 ವ್ಯಾಟ್ ಆಗುತ್ತದೆ. 190 ವೋಲ್ಟ್ ಸಿಕ್ಕರೆ 1400 ಕೂಡ ದಾಟುವುದಿಲ್ಲ. ಬಿಸಿ ಮಾಡುವ ಯಾವುದೇ ಸಾಮಾನಿನಲ್ಲಿ ರೋಧ ಆ ವಸ್ತುವಿನ ಗುಣ, ವ್ಯಾಟ್ ಎಂಬುದು ಆ ಗುಣಕ್ಕೆ ವೋಲ್ಟೇಜ್ ಸೇರಿದಾಗ ಬರುವ ಫಲ. ಇದೊಂದು ಮನಸ್ಸಿನಲ್ಲಿ ಗಟ್ಟಿಯಾದರೆ ಮುಂದಿನ ಲೆಕ್ಕಗಳೆಲ್ಲ ಬಾಯಿಪಾಠ ಮಾಡಬೇಕಾದ ಸೂತ್ರಗಳಾಗಿ ಉಳಿಯುವುದಿಲ್ಲ.

ಹತ್ತನೇ ತರಗತಿಯ ವಿಜ್ಞಾನ ಓದುತ್ತಿರುವವರಿಗೆ, ಐಟಿಐಗೆ ಸೇರಿದವರಿಗೆ, ಮನೆಯ ವಯರಿಂಗ್ ಬಗ್ಗೆ ಎಲೆಕ್ಟ್ರಿಷಿಯನ್ ಜೊತೆ ತಿಳಿದು ಮಾತಾಡಬೇಕು ಎನ್ನುವವರಿಗೆ, ಪಂಪ್‌ಸೆಟ್ ಮತ್ತೆ ಮತ್ತೆ ಸುಟ್ಟುಹೋಗಿ ಬೇಸತ್ತ ರೈತರಿಗೆ ಇದನ್ನು ಬರೆಯುತ್ತಿದ್ದೇನೆ. ಬೇಕಾಗುವ ಗಣಿತ ಗುಣಾಕಾರ ಮತ್ತು ಭಾಗಾಕಾರ ಮಾತ್ರ.

ಎರಡು ಸೂತ್ರ, ಅದರಿಂದ ಹುಟ್ಟುವ ಇನ್ನೆರಡು

ಮೊದಲನೆಯದು ಓಮ್‌ನ ನಿಯಮದಿಂದ ಬಂದದ್ದು:

ರೋಧ = ವೋಲ್ಟೇಜ್ ÷ ಕರೆಂಟ್

ವೋಲ್ಟೇಜ್ ವೋಲ್ಟ್‌ನಲ್ಲಿ, ಕರೆಂಟ್ ಆಂಪಿಯರ್‌ನಲ್ಲಿ ಇದ್ದರೆ ಉತ್ತರ ಓಮ್‌ನಲ್ಲಿ ಬರುತ್ತದೆ. ಪಠ್ಯಪುಸ್ತಕದಲ್ಲಿ ವಿಭವಾಂತರ, ವಿದ್ಯುತ್ ಪ್ರವಾಹ ಎಂದು ಓದಿದ್ದು ಇವನ್ನೇ.

ಎರಡನೆಯದು ಸಾಮರ್ಥ್ಯದ್ದು:

ಸಾಮರ್ಥ್ಯ = ವೋಲ್ಟೇಜ್ × ಕರೆಂಟ್

ಉತ್ತರ ವ್ಯಾಟ್‌ನಲ್ಲಿ. ಈ ಎರಡನ್ನು ಬೆರೆಸಿದರೆ ಇನ್ನೆರಡು ಸಿಗುತ್ತವೆ. ವೋಲ್ಟೇಜ್ ಗೊತ್ತಿಲ್ಲದಿದ್ದಾಗ ಸಾಮರ್ಥ್ಯ = ಕರೆಂಟ್ × ಕರೆಂಟ್ × ರೋಧ. ಕರೆಂಟ್ ಗೊತ್ತಿಲ್ಲದಿದ್ದಾಗ ಸಾಮರ್ಥ್ಯ = ವೋಲ್ಟೇಜ್ × ವೋಲ್ಟೇಜ್ ÷ ರೋಧ. ಪರೀಕ್ಷೆಯಲ್ಲಿ ಈ ಕೊನೆಯ ಎರಡನ್ನು ಅದಲು ಬದಲು ಮಾಡುವವರೇ ಹೆಚ್ಚು. ಅವನ್ನು ಉರುಹೊಡೆಯದೆ, ಪ್ರತಿ ಸಲವೂ ಮೊದಲ ಎರಡರಿಂದ ಕಟ್ಟಿಕೊಳ್ಳುವುದು ಒಳ್ಳೆಯದು. ಅರ್ಧ ನಿಮಿಷ ಹೆಚ್ಚು ಹಿಡಿಯಬಹುದು, ತಪ್ಪಾಗುವುದಿಲ್ಲ.

ಹಂತ 1: 12 ವೋಲ್ಟ್‌ನಲ್ಲಿ ಕೈ ಪಳಗಿಸಿಕೊಳ್ಳಿ

ಮನೆಯ 230 ವೋಲ್ಟ್ ಮೇಲೆ ಕಲಿಯುವುದು ಬೇಡವೇ ಬೇಡ. ಒಂದು 12 ವೋಲ್ಟ್, 2 ಆಂಪಿಯರ್ ಅಡಾಪ್ಟರ್, 22 ಓಮ್ 10 ವ್ಯಾಟ್‌ನ ಬಿಳಿ ಸಿಮೆಂಟ್ ರೆಸಿಸ್ಟರ್, ಎರಡು ಮಲ್ಟಿಮೀಟರ್, ನಾಲ್ಕು ಕ್ರೊಕೊಡೈಲ್ ಕ್ಲಿಪ್ ಇದ್ದರೆ ಸಾಕು. ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಯಲ್ಲಿ ಇವೆಲ್ಲ ಸಿಗುತ್ತವೆ. ಅಡಾಪ್ಟರ್ ಬದಲು ಇನ್ವರ್ಟರ್ ಬ್ಯಾಟರಿ ಅಥವಾ ಬೈಕಿನ ಬ್ಯಾಟರಿ ಬಳಸೋಣ ಎನ್ನಿಸಬಹುದು. ಬಳಸಬೇಡಿ. ವೋಲ್ಟೇಜ್ 12 ಮಾತ್ರ ಆದರೂ ಎರಡು ವಯರ್ ತಾಗಿದರೆ ಆ ಬ್ಯಾಟರಿಗಳಿಂದ ನುಗ್ಗುವ ಕರೆಂಟ್ ವಯರನ್ನು ಕೆಂಪಗೆ ಕಾಯಿಸುವಷ್ಟಿರುತ್ತದೆ. ಒಳ್ಳೆಯ ಅಡಾಪ್ಟರ್ ತಾನಾಗಿ ಕೈಕಟ್ಟಿ ನಿಲ್ಲುತ್ತದೆ.

ರೆಸಿಸ್ಟರ್ ಆರಿಸುವಾಗ ಓಮ್ ಒಂದನ್ನೇ ನೋಡಿದರೆ ಸಾಲದು, ವ್ಯಾಟ್ ಕೂಡ ನೋಡಬೇಕು. 10 ಓಮ್ 10 ವ್ಯಾಟ್‌ನದ್ದನ್ನು 12 ವೋಲ್ಟ್‌ಗೆ ಹಾಕಿದರೆ 1.2 ಆಂಪಿಯರ್ ಹರಿದು 14.4 ವ್ಯಾಟ್ ಆಗುತ್ತದೆ, ಅದು ತಡೆಯುವುದಿಲ್ಲ. 22 ಓಮ್‌ನದ್ದಾದರೆ ಸುಮಾರು ಆರೂವರೆ ವ್ಯಾಟ್, ಸುರಕ್ಷಿತ. ಆದರೂ ಕೈ ಸುಡುವಷ್ಟು ಬಿಸಿಯಾಗುತ್ತದೆ, ಮುಟ್ಟಬೇಡಿ, ಪ್ಲಾಸ್ಟಿಕ್ ಮೇಲೆ ಇಡಬೇಡಿ.

ಹಂತ 2: ಮೀಟರ್ ಜೋಡಿಸುವುದು

ವೋಲ್ಟೇಜ್ ಅಳೆಯುವ ಮೀಟರನ್ನು ರೆಸಿಸ್ಟರಿನ ಎರಡು ತುದಿಗಳಿಗೆ ಅಡ್ಡಲಾಗಿ, ಅಂದರೆ ಪ್ಯಾರಲಲ್ ಆಗಿ ಜೋಡಿಸಬೇಕು. ಕರೆಂಟ್ ಅಳೆಯುವ ಮೀಟರನ್ನು ದಾರಿಯ ನಡುವೆಯೇ, ಸಿರೀಸ್‌ನಲ್ಲಿ ಇಡಬೇಕು. ಒಂದು ವಯರ್ ಬಿಚ್ಚಿ, ಆ ಜಾಗದಲ್ಲಿ ಮೀಟರ್ ಕೂರಿಸಿ. ಹರಿಯುವ ಕರೆಂಟೆಲ್ಲ ಮೀಟರಿನ ಮೂಲಕವೇ ಹೋಗಬೇಕು.

ಮಲ್ಟಿಮೀಟರಿನಲ್ಲಿ ಮೂರು ತೂತುಗಳಿರುತ್ತವೆ. ಕಪ್ಪು ಪ್ರೋಬ್ ಯಾವಾಗಲೂ ಕಾಮನ್ ತೂತಿಗೆ. ಕೆಂಪು ಪ್ರೋಬ್ ವೋಲ್ಟೇಜ್ ಮತ್ತು ಓಮ್‌ಗೆ ಒಂದರಲ್ಲಿ, 10 ಆಂಪಿಯರ್ ಅಳತೆಗೆ ಬೇರೊಂದರಲ್ಲಿ. ಕರೆಂಟ್ ಅಳೆದ ಮೇಲೆ ಕೆಂಪು ಪ್ರೋಬನ್ನು 10 ಆಂಪಿಯರ್ ತೂತಿನಲ್ಲೇ ಬಿಟ್ಟು, ಹಾಗೆಯೇ ಗೋಡೆಯ ಸಾಕೆಟ್‌ಗೆ ಚುಚ್ಚುವುದು ಅತ್ಯಂತ ಅಪಾಯಕಾರಿ ತಪ್ಪು. ಆ ತೂತಿನ ಒಳಗೆ ರೋಧ ಹೆಚ್ಚುಕಡಿಮೆ ಸೊನ್ನೆ. ಫೇಸ್‌ಗೂ ನ್ಯೂಟ್ರಲ್‌ಗೂ ನೇರ ತಂತಿ ಜೋಡಿಸಿದಂತೆಯೇ ಆಗುತ್ತದೆ. ಫ್ಯೂಸ್ ಇಲ್ಲದ ಅಗ್ಗದ ಮೀಟರ್ ಕೈಯಲ್ಲೇ ಸಿಡಿಯಬಹುದು. ಆದ್ದರಿಂದ ಕರೆಂಟ್ ಅಳೆದ ಕೂಡಲೇ ಪ್ರೋಬನ್ನು ವೋಲ್ಟೇಜ್ ತೂತಿಗೆ ಮರಳಿಸಿಯೇ ಮೀಟರ್ ಕೆಳಗಿಡುವ ಅಭ್ಯಾಸ ಮಾಡಿಕೊಳ್ಳಿ.

ಮಿಲಿ ಆಂಪಿಯರ್ ರೇಂಜ್ ಈ ಪ್ರಯೋಗಕ್ಕೆ ಬೇಡ. ಅಗ್ಗದ ಮೀಟರಿನಲ್ಲಿ ಅದು ಸಾಮಾನ್ಯವಾಗಿ 200 ಮಿಲಿ ಆಂಪಿಯರ್‌ವರೆಗೆ. ನಮ್ಮದು 500ಕ್ಕೂ ಮೇಲೆ, ಫ್ಯೂಸ್ ಹೋಗುತ್ತದೆ. ಅಲ್ಲದೆ ಆ ರೇಂಜ್‌ನಲ್ಲಿ ಮೀಟರಿಗೆ ತನ್ನದೇ ಒಂದೆರಡು ಓಮ್ ರೋಧ ಇರಬಹುದು. ಅಳೆಯುವ ಉಪಕರಣವೇ ಅಳತೆಯನ್ನು ಬದಲಿಸಿಬಿಡುತ್ತದೆ.

ಹಂತ 3: ಎರಡೂ ಅಂಕಿಗಳನ್ನು ಒಂದೇ ಕ್ಷಣದಲ್ಲಿ ಬರೆದುಕೊಳ್ಳಿ

ಎರಡು ಮೀಟರ್ ಬೇಕು ಎಂದದ್ದು ಇದಕ್ಕೇ. ಲೆಕ್ಕ ತಪ್ಪುವುದಕ್ಕಿಂತ ಹೆಚ್ಚಾಗಿ ಅಳತೆ ತಪ್ಪುತ್ತದೆ. ಬೆಳಿಗ್ಗೆ ಅಳೆದ ವೋಲ್ಟೇಜನ್ನು ಸಂಜೆ ಅಳೆದ ಕರೆಂಟ್‌ನಿಂದ ಭಾಗಿಸಿದರೆ ಬರುವ ಸಂಖ್ಯೆ ಯಾವುದರ ರೋಧವೂ ಅಲ್ಲ.

ಈ ಕಷ್ಟ ಗೆಯೋರ್ಗ್ ಸೈಮನ್ ಓಮ್‌ಗೂ ಎದುರಾಗಿತ್ತು. ಜರ್ಮನಿಯ ಕಲೋನ್ ನಗರದಲ್ಲಿ ಶಾಲಾ ಮೇಷ್ಟ್ರಾಗಿದ್ದ ಅವರು ಮೊದಲು ರಾಸಾಯನಿಕ ಬ್ಯಾಟರಿಗಳಿಂದ ಪ್ರಯೋಗ ಮಾಡಿದರು. ಆ ಕಾಲದ ಬ್ಯಾಟರಿಗಳ ವೋಲ್ಟೇಜ್ ನೋಡನೋಡುತ್ತಲೇ ಇಳಿಯುತ್ತಿತ್ತು, ಅಂಕಿಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. 1821ರಲ್ಲಿ ವಿಜ್ಞಾನಿ ಜೀಬೆಕ್ ಕಂಡುಹಿಡಿದಿದ್ದ ಒಂದು ವಿದ್ಯಮಾನ ಅವರ ನೆರವಿಗೆ ಬಂತು: ಎರಡು ಬೇರೆ ಲೋಹಗಳ ಬೆಸುಗೆಗಳಲ್ಲಿ ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ಕರೆಂಟ್ ಹರಿಯುತ್ತದೆ. ತಾಮ್ರ ಮತ್ತು ಬಿಸ್ಮತ್ ಸೇರಿಸಿ, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟರು. ಕುದಿಯುವ ನೀರಿನ ಉಷ್ಣಾಂಶವೂ ಕರಗುವ ಮಂಜಿನ ಉಷ್ಣಾಂಶವೂ ಬದಲಾಗುವುದಿಲ್ಲ, ಹಾಗಾಗಿ ವೋಲ್ಟೇಜ್ ಕೂಡ ಅಲುಗಾಡಲಿಲ್ಲ. 1826ರಲ್ಲಿ ನಿಯಮ ಸ್ಪಷ್ಟವಾಗಿ ಕಂಡಿತು, 1827ರಲ್ಲಿ ಪುಸ್ತಕವಾಗಿ ಬಂತು. ಇವತ್ತು ಎರಡು ಡಿಜಿಟಲ್ ಮೀಟರ್ ಒಟ್ಟಿಗೆ ಓದುವ ನಮಗೆ ಆ ಶ್ರಮವೆಲ್ಲ ತಪ್ಪಿದೆ.

ಹಂತ 4: ಲೆಕ್ಕ

ಅಡಾಪ್ಟರ್ ಹಾಕಿ ಒಂದು ನಿಮಿಷ ಬಿಟ್ಟು ನೋಡಿದಾಗ 12.3 ವೋಲ್ಟ್, 0.56 ಆಂಪಿಯರ್ ಕಾಣಿಸಿತು ಎನ್ನಿ.

ರೋಧ = 12.3 ÷ 0.56 = 21.96, ಅಂದರೆ 22 ಓಮ್.
ಸಾಮರ್ಥ್ಯ = 12.3 × 0.56 = 6.89, ಅಂದರೆ 6.9 ವ್ಯಾಟ್.

ಕ್ಯಾಲ್ಕುಲೇಟರ್ 21.964285 ಎಂದು ತೋರಿಸುತ್ತದೆ. ಅದನ್ನು ಹಾಗೇ ಇಳಿಸಬೇಡಿ. ಎರಡು ಮೀಟರುಗಳಲ್ಲೂ ತಲಾ ಶೇಕಡಾ 1ರಷ್ಟು ಹೆಚ್ಚುಕಡಿಮೆ ಇದ್ದರೆ ಉತ್ತರದಲ್ಲಿ ಶೇಕಡಾ 2ರವರೆಗೂ ವ್ಯತ್ಯಾಸ ಬರಬಹುದು. 22 ಓಮ್ ಎಂದು ಬರೆಯುವುದೇ ಪ್ರಾಮಾಣಿಕ ಉತ್ತರ.

ಮೀಟರ್ ಮಿಲಿ ಆಂಪಿಯರ್‌ನಲ್ಲಿ 560 ಎಂದು ತೋರಿಸಿದರೆ ಮೊದಲು 1000ದಿಂದ ಭಾಗಿಸಿ 0.56 ಮಾಡಿಕೊಳ್ಳಿ. ಇದನ್ನು ಮರೆತರೆ 6.9 ವ್ಯಾಟಿನ ಜಾಗದಲ್ಲಿ 6,900 ವ್ಯಾಟ್ ಬರುತ್ತದೆ. ಇಷ್ಟು ಚಿಕ್ಕ ರೆಸಿಸ್ಟರ್ ಮೂರು ಗೀಸರುಗಳಷ್ಟು ಬಿಸಿ ಕೊಡಲು ಸಾಧ್ಯವೇ ಎಂದು ಕೇಳಿಕೊಂಡರೆ ತಪ್ಪು ತಕ್ಷಣ ಹಿಡಿಯಬಹುದು.

ಈಗ ತಾಳೆ ನೋಡಿ. ಕರೆಂಟ್‌ನ ವರ್ಗ 0.3136, ಅದನ್ನು 21.96ರಿಂದ ಗುಣಿಸಿದರೆ 6.89. ವೋಲ್ಟೇಜಿನ ವರ್ಗ 151.3, ಅದನ್ನು 21.96ರಿಂದ ಭಾಗಿಸಿದರೆ ಮತ್ತೆ 6.89. ಮೂರೂ ದಾರಿ ಒಂದೇ ಊರಿಗೆ ಬಂದರೆ ಗುಣಾಕಾರ ಭಾಗಾಕಾರ ಸರಿಯಿದೆ.

ಆಮೇಲೆ ಅಡಾಪ್ಟರ್ ತೆಗೆದು 6 ವೋಲ್ಟ್‌ನದ್ದು ಹಾಕಿ. 6.0 ವೋಲ್ಟ್, 0.27 ಆಂಪಿಯರ್ ಬಂತು ಎನ್ನಿ. ರೋಧ 22 ಓಮ್, ಬದಲಾಗಿಲ್ಲ. ಸಾಮರ್ಥ್ಯ 1.6 ವ್ಯಾಟ್. ವೋಲ್ಟೇಜ್ ಅರ್ಧವಾದರೆ ಸಾಮರ್ಥ್ಯ ಅರ್ಧವಾಗಲಿಲ್ಲ, ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯಿತು. ವೋಲ್ಟೇಜ್ ಇಳಿದಾಗ ಕರೆಂಟ್ ಕೂಡ ಇಳಿಯುತ್ತದೆ, ಎರಡು ಇಳಿತಗಳೂ ಗುಣಾಕಾರದಲ್ಲಿ ಸೇರುತ್ತವೆ. ಈ ಪ್ರಯೋಗದ ತಿರುಳೇ ಇದು.

ಬಲ್ಬ್ ಹೇಳುವ ಬೇರೆ ಕಥೆ

ರೆಸಿಸ್ಟರ್ ಜಾಗದಲ್ಲಿ ಬೈಕಿನ 12 ವೋಲ್ಟ್ 10 ವ್ಯಾಟ್ ಇಂಡಿಕೇಟರ್ ಬಲ್ಬ್ ಹಾಕಿ. ಎಲ್‌ಇಡಿ ಬೇಡ, ಒಳಗೆ ತಂತಿ ಇರುವ ಹಳೆಯದ್ದೇ ಆಗಬೇಕು. ಉರಿಯುವಾಗ 12 ವೋಲ್ಟ್, 0.83 ಆಂಪಿಯರ್ ಇದ್ದರೆ ರೋಧ ಹದಿನಾಲ್ಕೂವರೆ ಓಮ್. ಈಗ ಬಲ್ಬನ್ನು ಬಿಚ್ಚಿ, ಆರಲು ಬಿಟ್ಟು, ಮಲ್ಟಿಮೀಟರಿನ ಓಮ್ ರೇಂಜ್‌ನಲ್ಲಿ ಅಳೆಯಿರಿ. ಒಂದೂವರೆ ಓಮ್ ಆಸುಪಾಸು ತೋರಿಸುತ್ತದೆ.

ಮೀಟರ್ ಕೆಟ್ಟಿಲ್ಲ. ಟಂಗ್‌ಸ್ಟನ್ ತಂತಿ ಎರಡು ಸಾವಿರ ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾದು ಬೆಳಗುವಾಗ ಅದರ ರೋಧ ತಣ್ಣಗಿದ್ದಾಗಿನದಕ್ಕಿಂತ ಹತ್ತು ಪಟ್ಟು, ಇನ್ನೂ ಹೆಚ್ಚಾಗುತ್ತದೆ. ತಣ್ಣಗಿನ ಒಂದೂವರೆ ಓಮ್ ನಂಬಿ ಸಾಮರ್ಥ್ಯ ಲೆಕ್ಕ ಹಾಕಿದರೆ 96 ವ್ಯಾಟ್ ಬಂದುಬಿಡುತ್ತದೆ. ಸ್ವಿಚ್ ಹಾಕಿದ ಮೊದಲ ಕ್ಷಣದಲ್ಲಿ ಕರೆಂಟ್ ನಿಜಕ್ಕೂ ಹಾಗೇ ನುಗ್ಗುತ್ತದೆ. ಹಳೆಯ ಬಲ್ಬುಗಳು ಹೆಚ್ಚಾಗಿ ಸ್ವಿಚ್ ಹಾಕಿದಾಗಲೇ ಫಟ್ ಎಂದು ಹೋಗುತ್ತಿದ್ದುದಕ್ಕೆ ಇದೇ ಕಾರಣ. ಕೆಲಸ ಮಾಡುತ್ತಿರುವಾಗಿನ ರೋಧ ಬೇಕೆಂದರೆ ಕೆಲಸ ಮಾಡುತ್ತಿರುವಾಗಲೇ ವೋಲ್ಟೇಜ್, ಕರೆಂಟ್ ಅಳೆದು ಭಾಗಿಸಬೇಕು.

ಇಸ್ತ್ರಿ ಪೆಟ್ಟಿಗೆ, ಗೀಸರ್, ಹೀಟರ್ ರಾಡ್‌ಗಳ ಕಾಯಿಲ್ ನಿಕ್ರೋಮ್‌ನದ್ದು, ಅಂದರೆ ನಿಕಲ್ ಮತ್ತು ಕ್ರೋಮಿಯಂ ಬೆರೆತ ಲೋಹದ್ದು. ಅದರ ರೋಧ ಬಿಸಿಯಾದರೂ ಅಲ್ಪಸ್ವಲ್ಪ ಮಾತ್ರ ಏರುತ್ತದೆ. ಹಾಗಾಗಿ ಇವುಗಳನ್ನು ತಣ್ಣಗಿರುವಾಗ ಓಮ್ ರೇಂಜ್‌ನಲ್ಲಿ ಅಳೆದರೂ ನಂಬಬಹುದು. ಪ್ಲಗ್ ಪೂರ್ತಿ ಕಿತ್ತಿಟ್ಟು ಅಳೆಯಬೇಕು; ಕರೆಂಟ್ ಇರುವಾಗ ಓಮ್ ರೇಂಜ್ ಹಚ್ಚಲೇಬಾರದು.

ಹಂತ 5: ರೇಟಿಂಗ್ ಪ್ಲೇಟಿನಿಂದ ಹಿಂದಕ್ಕೆ ಲೆಕ್ಕ

ಮನೆಯ ಸಾಮಾನುಗಳಲ್ಲಿ ವ್ಯಾಟ್ ಬರೆದಿರುತ್ತದೆ, ರೋಧ ಬರೆದಿರುವುದಿಲ್ಲ. ವೋಲ್ಟೇಜಿನ ವರ್ಗವನ್ನು ವ್ಯಾಟಿನಿಂದ ಭಾಗಿಸಿದರೆ ರೋಧ ಸಿಗುತ್ತದೆ. 230ರ ವರ್ಗ 52,900. ಈ ಒಂದು ಸಂಖ್ಯೆ ನೆನಪಿಟ್ಟುಕೊಳ್ಳುವುದು ಲಾಭ.

1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ: 52,900 ÷ 1000 = 52.9 ಓಮ್, ಕರೆಂಟ್ 4.35 ಆಂಪಿಯರ್.
1500 ವ್ಯಾಟಿನ ಹೀಟರ್ ರಾಡ್: 35.3 ಓಮ್, 6.5 ಆಂಪಿಯರ್.
2000 ವ್ಯಾಟಿನ ಗೀಸರ್: 26.45 ಓಮ್, 8.7 ಆಂಪಿಯರ್.

ವ್ಯಾಟ್ ಹೆಚ್ಚಾದಂತೆ ರೋಧ ಕಡಿಮೆ ಎಂಬುದನ್ನು ಗಮನಿಸಿ. ದೊಡ್ಡ ಹೀಟರಿಗೆ ದೊಡ್ಡ ರೋಧ ಇರಬೇಕು ಎಂದು ಬಹಳ ಜನ ಅಂದುಕೊಳ್ಳುತ್ತಾರೆ, ಅದು ಉಲ್ಟಾ. ಸುಟ್ಟ ಕಾಯಿಲಿನ ತುದಿ ಕತ್ತರಿಸಿ ಮತ್ತೆ ಸಿಕ್ಕಿಸುವ ರಿಪೇರಿ ಏಕೆ ಬಾಳುವುದಿಲ್ಲ ಎನ್ನುವುದೂ ಇಲ್ಲೇ ತಿಳಿಯುತ್ತದೆ. 52.9 ಓಮ್ ಕಾಯಿಲಿನಲ್ಲಿ ಹತ್ತನೇ ಒಂದು ಭಾಗ ಕಡಿಮೆಯಾದರೆ 47.6 ಓಮ್ ಉಳಿಯುತ್ತದೆ, ಸಾಮರ್ಥ್ಯ 1111 ವ್ಯಾಟ್‌ಗೆ ಏರುತ್ತದೆ. ಗಿಡ್ಡಗಾದ ತಂತಿಯೇ ಮೊದಲಿಗಿಂತ ಹೆಚ್ಚು ಬಿಸಿಯನ್ನು ಹೊರಬೇಕಾಗುತ್ತದೆ.

ಈಗ ಮೊದಲು ಹೇಳಿದ ಡಿಮ್ ಕರೆಂಟಿನ ಗೀಸರ್. 190ರ ವರ್ಗ 36,100, ಅದನ್ನು 26.45ರಿಂದ ಭಾಗಿಸಿದರೆ 1365 ವ್ಯಾಟ್. ವೋಲ್ಟೇಜ್ ಶೇಕಡಾ 17ರಷ್ಟು ಇಳಿದರೆ ಬಿಸಿ ಶೇಕಡಾ 32ರಷ್ಟು ಇಳಿಯಿತು. 15 ಲೀಟರ್ ನೀರು 20 ಡಿಗ್ರಿಯಿಂದ 55 ಡಿಗ್ರಿಗೆ ಏರಲು ಸುಮಾರು 2200 ಕಿಲೋಜೂಲ್ ಬೇಕು. 2000 ವ್ಯಾಟ್‌ನಲ್ಲಿ ಇದಕ್ಕೆ 18 ನಿಮಿಷ, 1365 ವ್ಯಾಟ್‌ನಲ್ಲಿ 27 ನಿಮಿಷ. ವೋಲ್ಟೇಜ್ ಕಡಿಮೆಯಿದ್ದರೆ ಬಿಲ್ ಉಳಿಯುತ್ತದೆ ಎಂಬ ಮಾತು ಗೀಸರಿನ ಮಟ್ಟಿಗೆ ಸುಳ್ಳು. ಎರಡು ಸಂದರ್ಭದಲ್ಲೂ ಸುಮಾರು 0.6 ಯೂನಿಟ್ಟೇ ಖರ್ಚು. ನಿಧಾನವಾದಷ್ಟೂ ಟ್ಯಾಂಕಿನಿಂದ ಹೊರಗೆ ಸೋರುವ ಬಿಸಿ ಸ್ವಲ್ಪ ಹೆಚ್ಚೇ ಆಗುತ್ತದೆ.

ಹಂತ 6: ಏನನ್ನೂ ಬಿಚ್ಚದೆ ವ್ಯಾಟ್ ಅಳೆಯುವುದು

ನನಗೆ ಎಲ್ಲಕ್ಕಿಂತ ಇಷ್ಟವಾದ ವಿಧಾನ ಇದು. ಮನೆಯ ಡಿಜಿಟಲ್ ಕರೆಂಟ್ ಮೀಟರಿನಲ್ಲಿ ಮಿಟುಕುವ ಒಂದು ಕೆಂಪು ದೀಪ ಇರುತ್ತದೆ. ಅದರ ಹತ್ತಿರವೇ ಒಂದು ಯೂನಿಟ್‌ಗೆ ಎಷ್ಟು ಮಿಟುಕು ಎಂಬ ಸಂಖ್ಯೆ ಅಚ್ಚಾಗಿರುತ್ತದೆ. ನಿಮ್ಮದರಲ್ಲಿ 3200 ಇದೆ ಎಂದುಕೊಳ್ಳಿ. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಅದನ್ನು 3200ರಿಂದ ಭಾಗಿಸಿದರೆ ಒಂದು ಮಿಟುಕಿಗೆ 1125 ಜೂಲ್.

ಇಸ್ತ್ರಿ ಪೆಟ್ಟಿಗೆ ಬಿಟ್ಟು ಮನೆಯಲ್ಲಿ ಉಳಿದೆಲ್ಲವನ್ನೂ ಆಫ್ ಮಾಡಿ. ಫ್ರಿಜ್, ಸೆಟ್‌ಟಾಪ್ ಬಾಕ್ಸ್, ಮೊಬೈಲ್ ಚಾರ್ಜರ್ ಮರೆಯಬೇಡಿ. ಪೆಟ್ಟಿಗೆಯ ದೀಪ ಉರಿಯುತ್ತಿರುವಾಗಲೇ ಎಣಿಸಬೇಕು, ಥರ್ಮೋಸ್ಟ್ಯಾಟ್ ಕಡಿದರೆ ಎಣಿಕೆ ಕೆಟ್ಟಿತು. ಮೊದಲ ಮಿಟುಕನ್ನು ಸೊನ್ನೆ ಎಂದು ಎಣಿಸಿ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ. ಹತ್ತನೆಯದಕ್ಕೆ 12 ಸೆಕೆಂಡ್ ಆಯಿತು ಎನ್ನಿ. 1125 × 10 ÷ 12 = 937 ವ್ಯಾಟ್. ಸ್ಟೆಬಿಲೈಸರ್ ಇಲ್ಲವೇ ಪ್ಲಗ್‌ಗೆ ಸಿಕ್ಕಿಸುವ ಸಣ್ಣ ವೋಲ್ಟ್‌ಮೀಟರ್ ಅದೇ ಹೊತ್ತಿನಲ್ಲಿ 222 ತೋರಿಸುತ್ತಿದ್ದರೆ ಕರೆಂಟ್ = 937 ÷ 222 = 4.22 ಆಂಪಿಯರ್, ರೋಧ = 222 ÷ 4.22 = 52.6 ಓಮ್. ಪ್ಲೇಟಿನಿಂದ ಬಂದಿದ್ದು 52.9. ಒಂದು ವಯರನ್ನೂ ಮುಟ್ಟದೆ ಇಷ್ಟು ಹತ್ತಿರ ಬರಬಹುದು. ಶಾಲೆಯ ಪ್ರಾಜೆಕ್ಟ್‌ಗೆ ಇದಕ್ಕಿಂತ ಒಳ್ಳೆಯದು ಮತ್ತೊಂದಿಲ್ಲ.

ಕರೆಂಟನ್ನು ನೇರವಾಗಿಯೇ ನೋಡಬೇಕಿದ್ದರೆ ಕ್ಲಾಂಪ್ ಮೀಟರ್, ಅಂದರೆ ಎಲೆಕ್ಟ್ರಿಷಿಯನ್‌ಗಳ ಟಾಂಗ್ ಟೆಸ್ಟರ್ ಬಳಸಿ. ಅದರ ಬಾಯೊಳಗೆ ಒಂದೇ ವಯರ್ ಇರಬೇಕು. ಫೇಸ್, ನ್ಯೂಟ್ರಲ್ ಎರಡೂ ಸೇರಿದ ಪೂರ್ತಿ ಕೇಬಲನ್ನು ಹಿಡಿದರೆ ಹೋಗುವ ಕರೆಂಟ್, ಬರುವ ಕರೆಂಟ್ ಒಂದನ್ನೊಂದು ಅಳಿಸಿ ಸೊನ್ನೆ ತೋರಿಸುತ್ತದೆ.

ವಯರಿಗೂ ರೋಧವಿದೆ

ಲೆಕ್ಕ ನಿಜವಾಗಿ ಮನೆ ಉಳಿಸುವುದು ಇಲ್ಲಿ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಗೆ ಮೀಟರಿಗೆ 0.0172 ಓಮ್ ರೋಧ. ಮೀಟರ್ ಬೋರ್ಡಿನಿಂದ ಬಚ್ಚಲುಮನೆಗೆ ವಯರಿನ ದಾರಿ 30 ಮೀಟರ್ ಇದ್ದರೆ, ಹೋಗಿ ಬರುವ ಎರಡು ವಯರ್ ಸೇರಿ 60 ಮೀಟರ್. 1.5 ಚದರ ಮಿ.ಮೀ. ವಯರ್ ಹಾಕಿದ್ದರೆ ರೋಧ 60 × 0.0172 ÷ 1.5 = 0.69 ಓಮ್. ಗೀಸರಿನ 8.7 ಆಂಪಿಯರ್ ಹರಿದಾಗ ವಯರಿನಲ್ಲೇ 6 ವೋಲ್ಟ್ ಕಳೆದುಹೋಗುತ್ತದೆ, 52 ವ್ಯಾಟ್ ಬಿಸಿ ಗೋಡೆಯೊಳಗೆ ಹುಟ್ಟುತ್ತದೆ. 2.5 ಚದರ ಮಿ.ಮೀ. ಹಾಕಿದ್ದರೆ ನಷ್ಟ 31 ವ್ಯಾಟ್. ಗೀಸರಿಗೆ ಯಾವ ವಯರ್ ಎಳೆಯಬೇಕು ಎಂದು ಚೌಕಾಸಿ ಮಾಡುವಾಗ ಈ ಲೆಕ್ಕ ಕೈಯಲ್ಲಿರಲಿ.

ಆದರೂ 60 ಮೀಟರ್ ಉದ್ದಕ್ಕೆ ಹರಡಿಕೊಂಡ 52 ವ್ಯಾಟ್ ಅಷ್ಟು ಭಯಂಕರವಲ್ಲ. ಭಯಪಡಬೇಕಾದ್ದು ಲೂಸ್ ಕನೆಕ್ಷನ್‌ಗೆ. ಸಡಿಲವಾದ 16 ಆಂಪ್ ಸಾಕೆಟಿನ ಒಂದು ಪಿನ್‌ನಲ್ಲಿ ಅರ್ಧ ಓಮ್ ರೋಧ ಹುಟ್ಟಿದೆ ಎನ್ನಿ. 8.7 × 8.7 × 0.5 = 38 ವ್ಯಾಟ್. ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ನಿನಷ್ಟು ಬಿಸಿ, ಬೆರಳ ತುದಿಯಷ್ಟು ಜಾಗದಲ್ಲಿ. ಪ್ಲಗ್ ಕಪ್ಪಾಗುವುದು, ಪ್ಲಾಸ್ಟಿಕ್ ಸುಟ್ಟ ವಾಸನೆ ಬರುವುದು ಇದರಿಂದಲೇ. ಕರೆಂಟ್ ಮಿತಿ ಮೀರಿದಾಗ ತಾನಾಗಿ ಆಫ್ ಆಗುವ ಎಂಸಿಬಿ ಸ್ವಿಚ್ ಇದನ್ನು ಹಿಡಿಯುವುದಿಲ್ಲ, ಏಕೆಂದರೆ ಕರೆಂಟ್ ಹೆಚ್ಚಾಗಿಲ್ಲ, ಕೂದಲೆಳೆಯಷ್ಟು ಕಡಿಮೆಯೇ ಆಗಿದೆ. ಕಪ್ಪಾದ ಸಾಕೆಟ್ ಕಂಡರೆ ಆ ದಿನವೇ ಬದಲಿಸಿ.

ಇಂಥ ಸಣ್ಣ ರೋಧವನ್ನು ಓಮ್ ರೇಂಜ್‌ನಲ್ಲಿ ಅಳೆಯಲು ಹೋದರೆ ಮೀಟರಿನ ಪ್ರೋಬ್ ವಯರುಗಳ ರೋಧವೇ ಅಷ್ಟಿರುತ್ತದೆ. ಇಲ್ಲಿ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸುವ ದಾರಿಯೇ ಗತಿ. ಟ್ರ್ಯಾಕ್ಟರ್ ಸೆಲ್ಫ್ ಎಳೆಯುತ್ತಿಲ್ಲ, ಬ್ಯಾಟರಿ ಮಾತ್ರ ಹೊಸದು ಎನ್ನಿ. ಮೀಟರಿನ ಒಂದು ಪ್ರೋಬನ್ನು ಬ್ಯಾಟರಿಯ ಸೀಸದ ಕಂಬಕ್ಕೆ, ಇನ್ನೊಂದನ್ನು ಅದೇ ಕೇಬಲಿನ ಸ್ಟಾರ್ಟರ್ ಕಡೆಯ ತುದಿಗೆ ಇಟ್ಟು ಸೆಲ್ಫ್ ಹೊಡೆಯಿಸಿ. 200 ಆಂಪಿಯರ್ ಎಳೆಯುವ ಸ್ಟಾರ್ಟರಿನಲ್ಲಿ 1 ವೋಲ್ಟ್ ಕಂಡರೆ ರೋಧ 0.005 ಓಮ್. ಕೇಳಲು ಏನೂ ಅಲ್ಲ. ಆದರೆ 200 ವ್ಯಾಟ್ ಅಲ್ಲೇ ಸುಟ್ಟುಹೋಗುತ್ತಿದೆ. ಟರ್ಮಿನಲ್ ಮೇಲೆ ಕೂತ ಬಿಳಿ ಪುಡಿಯನ್ನು ಬಿಸಿನೀರಿನಲ್ಲಿ ತೊಳೆದು, ಉಜ್ಜಿ, ಬಿಗಿ ಮಾಡಿದರೆ ಎಷ್ಟೋ ಸಲ ಹೊಸ ಬ್ಯಾಟರಿಯ ದುಡ್ಡು ಉಳಿಯುತ್ತದೆ.

ವಯರಿನ ನಷ್ಟ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂಬುದನ್ನು 1840ರ ಸುಮಾರಿಗೆ ಪ್ರಯೋಗದಿಂದ ತೋರಿಸಿದ್ದು ಇಂಗ್ಲೆಂಡಿನ ಜೇಮ್ಸ್ ಜೂಲ್. ನಮ್ಮ ನಾಡಿನಲ್ಲಿ ಅದರ ದೊಡ್ಡ ಸಾಕ್ಷಿ ಶಿವನಸಮುದ್ರ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ವಿದ್ಯುತ್ ಕಳಿಸಿದಾಗ ವೋಲ್ಟೇಜನ್ನು 30 ಸಾವಿರದ ಮೇಲಕ್ಕೆ ಏರಿಸಿಯೇ ಕಳಿಸಬೇಕಾಯಿತು. ಸಾಮರ್ಥ್ಯ ಅಷ್ಟೇ ಇಟ್ಟುಕೊಂಡು ವೋಲ್ಟೇಜ್ ಹತ್ತು ಪಟ್ಟು ಮಾಡಿದರೆ ಕರೆಂಟ್ ಹತ್ತನೇ ಒಂದಾಗುತ್ತದೆ, ತಂತಿಯ ನಷ್ಟ ನೂರನೇ ಒಂದು.

ಹಂತ 7: ಮೋಟಾರ್ ಇದ್ದಲ್ಲಿ ಸೂತ್ರ ಬದಲಾಗುತ್ತದೆ

ಇಲ್ಲಿಯವರೆಗಿನ ಲೆಕ್ಕ ಬ್ಯಾಟರಿಗೂ ಬಿಸಿ ಮಾಡುವ ಸಾಮಾನುಗಳಿಗೂ ಪೂರ್ತಿ ಸರಿ. ಫ್ಯಾನ್, ಮಿಕ್ಸಿ, ಫ್ರಿಜ್, ಪಂಪ್‌ಗಳಿಗೆ ಹಾಗೇ ಹಚ್ಚಬೇಡಿ. ಮನೆಗೆ ಬರುವ ಎಸಿ ಕರೆಂಟಿನಲ್ಲಿ (ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟ್) ಮೋಟಾರಿನ ವೋಲ್ಟೇಜ್ ಮತ್ತು ಕರೆಂಟ್ ಒಟ್ಟಿಗೆ ಏರಿ ಇಳಿಯುವುದಿಲ್ಲ, ಕರೆಂಟ್ ಸ್ವಲ್ಪ ಹಿಂದೆ ಬೀಳುತ್ತದೆ. ಎರಡನ್ನೂ ಗುಣಿಸಿದರೆ ಬರುವುದು ವೋಲ್ಟ್-ಆಂಪಿಯರ್. ಅದನ್ನು ಪವರ್ ಫ್ಯಾಕ್ಟರ್‌ನಿಂದ, ಅಂದರೆ ಅದರಲ್ಲಿ ಎಷ್ಟು ಪಾಲು ನಿಜವಾದ ವ್ಯಾಟ್ ಎಂದು ಹೇಳುವ ಸಂಖ್ಯೆಯಿಂದ, ಗುಣಿಸಿದ ಮೇಲೆಯೇ ವ್ಯಾಟ್.

ಒಂದು ಎಚ್‌ಪಿ ಸಿಂಗಲ್ ಫೇಸ್ ಪಂಪ್ 230 ವೋಲ್ಟ್‌ನಲ್ಲಿ 6 ಆಂಪಿಯರ್ ಎಳೆಯುತ್ತಿದೆ, ಪವರ್ ಫ್ಯಾಕ್ಟರ್ 0.8 ಎಂದುಕೊಳ್ಳಿ. 230 × 6 = 1380 ವೋಲ್ಟ್-ಆಂಪಿಯರ್; 0.8ರಿಂದ ಗುಣಿಸಿದರೆ 1104 ವ್ಯಾಟ್. ಒಂದು ಎಚ್‌ಪಿ ಎಂದರೆ 746 ವ್ಯಾಟ್ ಅಲ್ಲವೇ ಎನ್ನಬಹುದು. ಅದು ಶಾಫ್ಟಿನಿಂದ ಹೊರಬರುವ ಸಾಮರ್ಥ್ಯ. ಒಳಗೆ ಹೋಗುವುದು ಯಾವಾಗಲೂ ಹೆಚ್ಚು. ಮೀಟರ್ ಓಡುವುದು ಒಳಗೆ ಹೋದದ್ದಕ್ಕೆ.

ಎಲ್‌ಇಡಿ ಬಲ್ಬಿನಲ್ಲೂ ಹೀಗೇ. 9 ವ್ಯಾಟಿನ ಬಲ್ಬಿನ ಪವರ್ ಫ್ಯಾಕ್ಟರ್ 0.5 ಇದ್ದರೆ ವೋಲ್ಟ್-ಆಂಪಿಯರ್ 18 ಬರುತ್ತದೆ. ಮನೆಯ ಮೀಟರ್ ಯೂನಿಟ್ ಎಣಿಸುವುದು ವ್ಯಾಟ್ ಲೆಕ್ಕದಲ್ಲೇ, ಗಾಬರಿ ಬೇಡ.

ಮೋಟಾರಿನ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ 38 ಓಮ್ ಬರುತ್ತದೆ. ಅದು ವೈಂಡಿಂಗಿನ ರೋಧ ಅಲ್ಲ. ವೈಂಡಿಂಗಿನ ತಂತಿಯ ರೋಧ ಅದಕ್ಕಿಂತ ಬಹಳ ಕಡಿಮೆ. ತಿರುಗುವ ಮೋಟಾರ್ ತಾನೇ ಎದುರು ವೋಲ್ಟೇಜ್ ಹುಟ್ಟಿಸಿ ಕರೆಂಟನ್ನು ತಡೆಯುತ್ತದೆ. ಪಂಪಿನೊಳಗೆ ನೀರು ತಳ್ಳುವ ಚಕ್ರ, ಅಂದರೆ ಇಂಪೆಲ್ಲರ್, ಸಿಕ್ಕಿಕೊಂಡು ತಿರುಗದೆ ನಿಂತರೆ ಆ ತಡೆ ಹೋಗಿ ಕರೆಂಟ್ ಐದಾರು ಪಟ್ಟಾಗುತ್ತದೆ. ಐದು ಪಟ್ಟು ಕರೆಂಟ್ ಎಂದರೆ ವೈಂಡಿಂಗಿನಲ್ಲಿ 25 ಪಟ್ಟು ಬಿಸಿ.

ಮೂರು ಫೇಸಿನ ಪಂಪ್‌ಸೆಟ್

ಸೂತ್ರ: 1.732 × ಎರಡು ಫೇಸ್ ನಡುವಿನ ವೋಲ್ಟೇಜ್ × ಒಂದು ವಯರಿನ ಕರೆಂಟ್ × ಪವರ್ ಫ್ಯಾಕ್ಟರ್. 5 ಎಚ್‌ಪಿ ಪಂಪ್‌ನಲ್ಲಿ 390 ವೋಲ್ಟ್, 8 ಆಂಪಿಯರ್, 0.82 ಇದ್ದರೆ 4430 ವ್ಯಾಟ್, ಗಂಟೆಗೆ ಸುಮಾರು ನಾಲ್ಕೂವರೆ ಯೂನಿಟ್.

ಈಗ ಟಿಸಿ, ಅಂದರೆ ಊರಿನ ಟ್ರಾನ್ಸ್‌ಫಾರ್ಮರ್ ಮೇಲೆ ಲೋಡ್ ಹೆಚ್ಚಾಗಿ ವೋಲ್ಟೇಜ್ 330ಕ್ಕೆ ಇಳಿಯಿತು. ಗೀಸರ್ ಆಗಿದ್ದರೆ ಕರೆಂಟ್ ಕೂಡ ಇಳಿಯುತ್ತಿತ್ತು. ಪಂಪ್ ಹಾಗಲ್ಲ. ಬೋರಿನಿಂದ ನೀರನ್ನು ಅಷ್ಟೇ ಎತ್ತರಕ್ಕೆ ಎತ್ತಲೇಬೇಕು, ಹಾಗಾಗಿ ಹೆಚ್ಚು ಕರೆಂಟ್ ಎಳೆದುಕೊಳ್ಳುತ್ತದೆ. ಪವರ್ ಫ್ಯಾಕ್ಟರ್, ಹೊರೆ ಎರಡೂ ಬದಲಾಗಿಲ್ಲ ಎಂದುಕೊಂಡರೆ 4430ನ್ನು 1.732, 330, 0.82 ಮೂರರಿಂದಲೂ ಭಾಗಿಸಬೇಕು: 9.45 ಆಂಪಿಯರ್. ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ, 9.45ನ್ನು 8ರಿಂದ ಭಾಗಿಸಿ ವರ್ಗ ಮಾಡಿದರೆ 1.4. ವೈಂಡಿಂಗ್ ಶೇಕಡಾ 40ರಷ್ಟು ಹೆಚ್ಚು ಕಾಯುತ್ತಿದೆ. ಡಿಮ್ ಕರೆಂಟಿನಲ್ಲಿ ಮೋಟಾರ್ ಸುಡುವುದು ಹೀಗೆ.

ಆದ್ದರಿಂದ ಮೋಟಾರ್ ಹೊಸದಾಗಿ ಇಳಿಸಿದ ದಿನವೇ, ವೋಲ್ಟೇಜ್ ಚೆನ್ನಾಗಿರುವ ಹೊತ್ತಿನಲ್ಲಿ, ಎಲೆಕ್ಟ್ರಿಷಿಯನ್ ಕೈಯಲ್ಲಿ ಮೂರೂ ವಯರುಗಳ ಕರೆಂಟನ್ನು ಟಾಂಗ್ ಟೆಸ್ಟರಿನಿಂದ ಅಳೆಸಿ, ವೋಲ್ಟೇಜ್ ಸಮೇತ ಸ್ಟಾರ್ಟರ್ ಬಾಗಿಲಿನ ಒಳಬದಿಗೆ ಬರೆದಿಡಿ. ಮೂರೂ ಹೆಚ್ಚುಕಡಿಮೆ ಸಮ ಇರಬೇಕು. ಮುಂದೆ ಯಾವಾಗಲಾದರೂ ಒಂದು ವಯರಿನಲ್ಲಿ ತೀರಾ ಇಳಿದು ಉಳಿದೆರಡರಲ್ಲಿ ಏರಿದ್ದರೆ ಒಂದು ಫೇಸ್ ಕೈಕೊಟ್ಟಿದೆ ಎಂದರ್ಥ. ತಕ್ಷಣ ಆಫ್ ಮಾಡಿ ಫ್ಯೂಸ್, ಕಾಂಟ್ಯಾಕ್ಟ್ ಪಾಯಿಂಟುಗಳನ್ನು ನೋಡಿಸಿ. ಮೂರರಲ್ಲೂ ಒಟ್ಟಿಗೆ ಏರಿದ್ದರೆ ಮೊದಲು ವೋಲ್ಟೇಜ್ ನೋಡಿ, ಅದು ಸರಿಯಿದ್ದರೆ ಬೇರಿಂಗ್ ಅಥವಾ ಮರಳು. ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನು ಮೋಟಾರಿನ ಪ್ಲೇಟಿನ ಮೇಲೆ ಬರೆದ ಆಂಪಿಯರ್‌ಗೇ ಇಡಿಸಿ. ಪದೇ ಪದೇ ಟ್ರಿಪ್ ಆಗುತ್ತಿದೆ ಎಂದು ಅದರ ತಿರುಪನ್ನು ಮೇಲಕ್ಕೆ ತಿರುಗಿಸಬೇಡಿ.